ಕೊಡಗಿನ ಮಕ್ಕಳಿಗೆ ಯಾವ ಅನಿಮೇಷನ್ ಕಿರುಚಿತ್ರ ತೋರಿಸೋಣ?

ಶಾಲೆಯಲ್ಲೋ, ಗ್ರಂಥಾಲಯದಲ್ಲೋ, ಊರಿನ ಸಂಘದ ಹಾಲ್‌ನಲ್ಲೋ ಮಕ್ಕಳಿಗೆ ಒಂದು ಗಂಟೆ ಒಳ್ಳೆಯ ಅನಿಮೇಷನ್ ತೋರಿಸಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೀವಿ ಕಾರ್ಟೂನ್ ಎಲ್ಲರ ಮನೆಯಲ್ಲೂ ಇದೆ. ಅದನ್ನು ತೋರಿಸಲು ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಬೇಕಿಲ್ಲ. ನಾನು ಹೇಳುತ್ತಿರುವುದು ಜನರ ತೆರಿಗೆ ದುಡ್ಡಿನಲ್ಲಿ ತಯಾರಾದ ಕಿರುಚಿತ್ರಗಳ ಬಗ್ಗೆ. ಐದೋ ಹತ್ತೋ ನಿಮಿಷದ ಒಂದು ಚಿತ್ರಕ್ಕೆ ಕಲಾವಿದರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು. ಮರಳಿನ ಕಣ ಸರಿಸಿ ಸರಿಸಿ ಕಥೆ ಹೇಳುವವರಿಗೆ ಯಾವ ಜಾಹೀರಾತು ಕಂಪನಿ ಅಷ್ಟು ಸಮಯ ಕೊಡುತ್ತೆ ಹೇಳಿ? ಸಾರ್ವಜನಿಕ ಸಂಸ್ಥೆಗಳು ಕೊಟ್ಟವು. ಹಾಗಾಗಿ ಈ ಚಿತ್ರಗಳು ಇವೆ.

ಇಂಥ ಚಿತ್ರಗಳು ಸಿಗುವ ದೊಡ್ಡ ಮೂಲಗಳು ಮೂರು. ಮೊದಲನೆಯದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್. 1939ರಲ್ಲಿ ಶುರುವಾಯಿತು. 1941ರಲ್ಲಿ ಸ್ಕಾಟ್ಲೆಂಡ್ ಮೂಲದ ನಾರ್ಮನ್ ಮೆಕ್ಲಾರೆನ್ ಅಲ್ಲಿಗೆ ಸೇರಿ ಅನಿಮೇಷನ್ ವಿಭಾಗ ಕಟ್ಟಿದರು. ಎರಡನೆಯದು ನಮ್ಮದೇ: 1948ರ ಫಿಲ್ಮ್ಸ್ ಡಿವಿಷನ್, 1955ರ ಮಕ್ಕಳ ಚಿತ್ರ ಸಂಸ್ಥೆ. 2022ರಲ್ಲಿ ಇವೆರಡೂ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿಯೊಳಗೆ ಸೇರಿಹೋದವು. ಇವುಗಳ ಜೊತೆಗೆ ಅಹಮದಾಬಾದಿನ ಎನ್‌ಐಡಿ, ಮುಂಬೈ ಐಐಟಿಯ ಐಡಿಸಿಯಂಥ ಸರ್ಕಾರಿ ವಿನ್ಯಾಸ ಶಾಲೆಗಳಿಂದ ಬಂದ ಚಿತ್ರಗಳೂ ಇವೆ. ಮೂರನೆಯದು ಹಳೆಯ ಸೋವಿಯತ್ ದೇಶದ ಸರ್ಕಾರಿ ಸ್ಟುಡಿಯೋ, ಮಾಸ್ಕೋದ ಸೊಯುಜ್‌ಮುಲ್ತ್‌ಫಿಲ್ಮ್.

ಈ ರಾಶಿಯಲ್ಲಿ ನಮ್ಮ ಮಕ್ಕಳಿಗೆ ಆರಿಸುವುದು ಹೇಗೆ? ನಾನು ನೋಡುವುದು ಎರಡೇ ವಿಷಯ. ಮಾತಿಲ್ಲದೆ ಚಿತ್ರ ಅರ್ಥವಾಗುತ್ತದಾ? ಅದನ್ನು ಮಾಡಲು ಬಳಸಿದ ವಸ್ತು ನಮ್ಮ ಮಕ್ಕಳ ಕೈಗೂ ಸಿಗುತ್ತದಾ?

ಮೊದಲು ಮಾತಿನ ವಿಷಯ

ಕೊಡಗಿನ ಯಾವುದಾದರೂ ಸರ್ಕಾರಿ ಶಾಲೆಯ ನಾಲ್ಕನೇ ಕ್ಲಾಸಿಗೆ ಹೋಗಿ, ಮನೆಯಲ್ಲಿ ಏನು ಮಾತಾಡ್ತೀರಿ ಅಂತ ಕೇಳಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ, ಜೇನುಕುರುಬರ ನುಡಿ, ಕನ್ನಡ, ತಮಿಳು. ಈಗ ತೋಟದ ಲೈನ್ ಮನೆಗಳಿಗೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಇಷ್ಟು ಭಾಷೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಇಂಗ್ಲಿಷ್ ಚಿತ್ರ ಹಾಕಿದರೆ ಯಾರಿಗೂ ನ್ಯಾಯ ಸಿಗುವುದಿಲ್ಲ. ಹಿಂದಿ ಹಾಕಿದರೆ ಕೆಲವರಿಗೆ ಸಿಗುತ್ತದೆ. ಮಾತೇ ಇಲ್ಲದ ಚಿತ್ರ ಹಾಕಿದರೆ ಎಲ್ಲರೂ ಒಂದೇ ಕ್ಷಣಕ್ಕೆ ನಗುತ್ತಾರೆ. ಶಾಲೆಗೆ ಹೊಸದಾಗಿ ಸೇರಿ ಮೂಲೆಯಲ್ಲಿ ಸುಮ್ನೆ ಕೂತಿರುವ ಮಗು ಮೊದಲ ಸಲ ಪಕ್ಕದವನ ಜೊತೆ ನಗುವುದನ್ನು ನಾನು ನೋಡಿದ್ದೇನೆ. ಆಮೇಲಿಂದ ನನ್ನ ಪಟ್ಟಿಯಲ್ಲಿ ಮಾತಿಲ್ಲದ ಚಿತ್ರಕ್ಕೇ ಮೊದಲ ಜಾಗ.

ಇನ್ನೊಂದು ಕಾರಣವೂ ಇದೆ. ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್‌ನ ಮಾತು ಎರಡನೇ ಸಾಲಿಗೂ ಕೇಳುವುದಿಲ್ಲ.

ಮರಳು, ಮಣಿ, ಮಂಜು

ಮಕ್ಕಳಿಗಾಗಿ ಮೊದಲ ಬಾರಿ ಪ್ರದರ್ಶನ ಇಡುವವರು ಆರಿಸಬೇಕಾದದ್ದು ಹೆಚ್ಚಾಗಿ ಈ ಮೂರರ ನಡುವೆ.

'ದ ಸ್ಯಾಂಡ್ ಕ್ಯಾಸಲ್' 1977ರದು, 13 ನಿಮಿಷ. ಕೋ ಹೂಡೆಮನ್ ಕೆನಡಾ ಫಿಲ್ಮ್ ಬೋರ್ಡಿಗೆ ಮಾಡಿದ್ದು. ಮರಳಿನಿಂದ ಒಬ್ಬ ಮನುಷ್ಯ ಎದ್ದು ಬರುತ್ತಾನೆ. ಮರಳಿನಲ್ಲೇ ವಿಚಿತ್ರ ಪ್ರಾಣಿಗಳನ್ನು ಮಾಡುತ್ತಾನೆ. ಒಂದೊಂದಕ್ಕೂ ಒಂದೊಂದು ಕೆಲಸ. ಎಲ್ಲ ಸೇರಿ ಕೋಟೆ ಕಟ್ಟುತ್ತವೆ, ಆಮೇಲೆ ಗಾಳಿ ಬರುತ್ತದೆ. ಮಾತಿಲ್ಲ. ಒಂದು ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುವ ಫಿಲ್ಮಿನಲ್ಲಿ 13 ನಿಮಿಷ ಅಂದರೆ 18,720 ಚೌಕಟ್ಟು. ಗೊಂಬೆಯ ಮೈಯಿಂದ ಮರಳು ಉದುರದಂತೆ ನೋಡಿಕೊಂಡು, ಪ್ರತಿ ಸಲ ಕೂದಲೆಳೆಯಷ್ಟು ಸರಿಸಿ ಮತ್ತೆ ಶೂಟ್ ಮಾಡಬೇಕು. ಮಕ್ಕಳಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಗುಣಿಸಿ ತೋರಿಸಿ. ಚಿತ್ರವನ್ನು ಎರಡನೇ ಸಲ ಹಾಕಿದಾಗ ಅವರು ನೋಡುವ ರೀತಿಯೇ ಬೇರೆ ಇರುತ್ತದೆ.

'ಬೀಡ್ ಗೇಮ್' ಕೂಡ 1977ರದೇ, ಅದೇ ಸಂಸ್ಥೆಯದು, ಐದೂವರೆ ನಿಮಿಷ. ಮಾಡಿದವರು ಇಶು ಪಟೇಲ್. ಗುಜರಾತಿನಲ್ಲಿ ಹುಟ್ಟಿ, ಎನ್‌ಐಡಿಯಲ್ಲಿ ಇದ್ದು, ಆಮೇಲೆ ಕೆನಡಾಕ್ಕೆ ಹೋದವರು. ಕಪ್ಪು ಹಿನ್ನೆಲೆಯ ಮೇಲೆ ಸಾವಿರಾರು ಬಣ್ಣದ ಮಣಿ. ಮಣಿಗಳು ಸೇರಿ ಒಂದು ಜೀವಿ ಆಗುತ್ತದೆ. ಅದನ್ನು ಇನ್ನೊಂದು ನುಂಗುತ್ತದೆ. ನುಂಗಿದ್ದನ್ನು ಮತ್ತೊಂದು ನುಂಗುತ್ತದೆ. ಹೀಗೆ ಸಾಗಿ ಸಾಗಿ ಮನುಷ್ಯನ ಯುದ್ಧಕ್ಕೆ ಬಂದು ನಿಲ್ಲುತ್ತದೆ. ಹಿಂದೆ ತಬಲಾದ ಬಡಿತ. ಆ ವರ್ಷದ ಕಿರು ಅನಿಮೇಷನ್ ಆಸ್ಕರ್‌ಗೆ ಈ ಎರಡೂ ಚಿತ್ರ ಸ್ಪರ್ಧೆಯಲ್ಲಿದ್ದವು. ಗೆದ್ದದ್ದು ಮರಳಿನ ಕೋಟೆ. ನಮ್ಮ ಹಾಲ್‌ನಲ್ಲಿ ಮಾತ್ರ ಗೆಲ್ಲುವುದು ಮಣಿ! ಜೋಮಾಲೆ, ಪವಳದ ಸರ ನೋಡುತ್ತಾ ಬೆಳೆದ ಮಕ್ಕಳಿಗೆ ಮಣಿ ಹೊಸ ವಸ್ತುವಲ್ಲ. ಆದರೆ ಅದು ಹೀಗೂ ಓಡಾಡಬಹುದು ಅಂತ ಗೊತ್ತಿರುವುದಿಲ್ಲ.

'ಹೆಡ್ಜ್‌ಹಾಗ್ ಇನ್ ದ ಫಾಗ್' 1975ರದು, ಸುಮಾರು 10 ನಿಮಿಷ, ಮಾಸ್ಕೋ ಸ್ಟುಡಿಯೋದ್ದು. ನಿರ್ದೇಶನ ಯೂರಿ ನಾರ್‌ಸ್ಟೈನ್, ಚಿತ್ರ ಬರೆದವರು ಅವರ ಹೆಂಡತಿ ಫ್ರಾನ್ಚೆಸ್ಕಾ ಯಾರ್ಬುಸೋವಾ. ಮೈತುಂಬ ಮುಳ್ಳಿನ ಒಂದು ಪುಟ್ಟ ಪ್ರಾಣಿ. ದಿನಾ ಸಂಜೆ ಕರಡಿಮರಿಯ ಮನೆಗೆ ಹೋಗಿ ಇಬ್ಬರೂ ನಕ್ಷತ್ರ ಎಣಿಸುವುದು ರೂಢಿ. ಅವತ್ತು ಜಾಮ್ ಗಂಟು ಕಟ್ಟಿಕೊಂಡು ಹೊರಟಾಗ ದಾರಿಯಲ್ಲಿ ಮಂಜು. ಮಂಜಿನೊಳಗೆ ಒಂದು ಬಿಳಿ ಕುದುರೆ. ಅದನ್ನು ನೋಡಲು ಇಳಿದು ದಾರಿ ತಪ್ಪುತ್ತಾನೆ. ರಷ್ಯನ್ ಮಾತು ಸ್ವಲ್ಪ ಇದೆ. ನಡುವೆ ನಿಲ್ಲಿಸದೆ, ಶುರುವಿಗೆ ಮೊದಲೇ ಕಥೆಯನ್ನು ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಬಿಡಿ, ಸಾಕು.

ಈ ಮೂರರಲ್ಲಿ ಒಂದೇ ಒಂದು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಮಡಿಕೇರಿ, ಭಾಗಮಂಡಲ, ಶಾಂತಳ್ಳಿ ಕಡೆಯ ಮಕ್ಕಳಿಗೆ ಮಂಜು ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಹತ್ತು ಹೆಜ್ಜೆ ಮುಂದಿರುವ ಗೆಳೆಯ ಕಾಣದೆ ಹೋಗುವುದು, ಮರ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಲ್ಲುವುದು, ಎಲ್ಲೋ ನಾಯಿ ಬೊಗಳಿದ್ದು ಯಾವ ದಿಕ್ಕಿನಿಂದ ಅಂತ ತಿಳಿಯದಿರುವುದು ಅವರಿಗೆ ದಿನನಿತ್ಯದ ಮಾತು. ಆ ಮಂಜನ್ನು ಮಾಡಿದ ರೀತಿಯನ್ನೂ ಹೇಳಿ. ಗಾಜಿನ ಹಲವು ಪದರಗಳ ಮೇಲೆ ಚಿತ್ರ ಇಟ್ಟು, ಅದರ ಮೇಲೆ ತೀರ ತೆಳುವಾದ ಕಾಗದ ಹಾಸಿ, ಕಾಗದವನ್ನು ಮೆಲ್ಲಗೆ ಕ್ಯಾಮೆರಾ ಕಡೆಗೆ ಎತ್ತುತ್ತಾ ಹೋದರು. ಅಷ್ಟೇ. ಒಂದು ಬಟರ್ ಪೇಪರ್ ತಂದು ಯಾವುದಾದರೂ ಚಿತ್ರದ ಮೇಲಿಟ್ಟು ಎತ್ತಿ ತೋರಿಸಿದರೆ ಇಡೀ ಕ್ಲಾಸು ಮೇಜಿನ ಸುತ್ತ ಬಂದು ಮುತ್ತಿಕೊಳ್ಳುತ್ತದೆ.

ಹಾಗಾದರೆ ಯಾವ ವಯಸ್ಸಿಗೆ ಯಾವುದು? ಒಂದರಿಂದ ನಾಲ್ಕನೇ ಕ್ಲಾಸಿಗೆ ಮರಳು. ಐದರಿಂದ ಏಳಕ್ಕೆ ಮಂಜು. ಮಣಿ ಎಲ್ಲರಿಗೂ ಆಗುತ್ತದೆ, ಆದರೆ ಕೊನೆಯ ಯುದ್ಧದ ಭಾಗದ ಬಗ್ಗೆ ಮಾತಾಡಲು ಆರು ಏಳನೇ ಕ್ಲಾಸಿನವರಾದರೂ ಇರಬೇಕು.

ಮರಳಿನಲ್ಲಿ ಇನ್ನೊಂದು ಬಗೆ ಇದೆ, ಅದನ್ನು ಬಿಡಬೇಡಿ. ಕ್ಯಾರೊಲಿನ್ ಲೀಫ್ 1974ರಲ್ಲಿ ಮಾಡಿದ 'ದಿ ಔಲ್ ಹೂ ಮ್ಯಾರೀಡ್ ಎ ಗೂಸ್'. ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಮರಳು ಹರಡಿ, ಬೆರಳಲ್ಲಿ ತಿದ್ದುತ್ತಾ ತೆಗೆದ ಚಿತ್ರ. ಗೂಬೆಯೊಂದು ಬಾತುಕೋಳಿ ಜಾತಿಯ ಹಕ್ಕಿಯನ್ನು ಮದುವೆಯಾಗುತ್ತದೆ. ಅವಳು ಈಜುತ್ತಾಳೆ, ದೂರ ಹಾರುತ್ತಾಳೆ, ಅವನಿಗೆ ಆಗುವುದಿಲ್ಲ. ಕಥೆ ಕೆನಡಾದ ಇನ್ಯುಯಿಟ್ ಜನರದು, ದನಿಯೂ ಅವರದೇ, ಅದಕ್ಕೆ ಅನುವಾದ ಕೊಟ್ಟಿಲ್ಲ. ಕೊಡುವ ಅಗತ್ಯವೂ ಬಿದ್ದಿಲ್ಲ. ತಮ್ಮ ಮನೆಮಾತು ಸಿನಿಮಾಕ್ಕೆ ಬರುವಂಥದ್ದಲ್ಲ ಅಂದುಕೊಂಡಿರುವ ನಮ್ಮ ಯರವ, ಜೇನುಕುರುಬ ಮಕ್ಕಳಿಗೆ ಇದನ್ನು ತೋರಿಸಲೇಬೇಕು. ಕೊನೆ ದುಃಖದ್ದು. ತೀರ ಸಣ್ಣವರಿಗೆ ಬೇಡ.

ಬೇಲಿ ಜಗಳದ ಚಿತ್ರ: ಹೈಸ್ಕೂಲಿಗೆ ಮಾತ್ರ

ಮೆಕ್ಲಾರೆನ್ ಅವರ 'ನೇಬರ್ಸ್' 1952ರದು, ಎಂಟು ನಿಮಿಷ. ಇಬ್ಬರು ನೆರೆಯವರು. ಗಡಿಯಲ್ಲಿ ಒಂದು ಹೂವು ಅರಳುತ್ತದೆ. ಯಾರದು ಅಂತ ಜಗಳ, ಬೇಲಿ, ಹೊಡೆದಾಟ. ಇದರಲ್ಲಿ ಗೊಂಬೆ ಇಲ್ಲ, ಚಿತ್ರ ಬರೆದದ್ದೂ ಇಲ್ಲ. ನಿಜವಾದ ಮನುಷ್ಯರನ್ನೇ ಒಂದೊಂದು ಚೌಕಟ್ಟಿಗೂ ಒಂದೊಂದು ಭಂಗಿಯಲ್ಲಿ ನಿಲ್ಲಿಸಿ ತೆಗೆದದ್ದು. ಇದಕ್ಕೆ ಪಿಕ್ಸಿಲೇಷನ್ ಅನ್ನುತ್ತಾರೆ. ಮನುಷ್ಯ ಕಾಲಾಡಿಸದೆ ಹುಲ್ಲಿನ ಮೇಲೆ ಜಾರಿಕೊಂಡು ಹೋಗುತ್ತಾನೆ. ತೋಟದ ಗಡಿ, ದಾರಿ, ನೀರಿನ ಹಕ್ಕು ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ನೋಡಿದ ನಮ್ಮ ಹೈಸ್ಕೂಲ್ ಮಕ್ಕಳಿಗೆ ಇದು ಬೇರೆ ದೇಶದ ಕಥೆ ಅನಿಸುವುದಿಲ್ಲ. ಆದರೆ ಕೊನೆಯಲ್ಲಿ ಹೆಂಡತಿ, ಮಗುವಿನ ಮೇಲೂ ಕೈಮಾಡುವ ದೃಶ್ಯ ಇದೆ. ಪ್ರೈಮರಿ ಮಕ್ಕಳ ಎದುರು ಬೇಡವೇ ಬೇಡ. ತೋರಿಸುವವರು ಮೊದಲು ತಾವು ಪೂರ್ತಿ ನೋಡಿ.

ಇದರ ಜೊತೆ ಹಾಕಲು ನಮ್ಮ ಫಿಲ್ಮ್ಸ್ ಡಿವಿಷನ್‌ನ ಒಂದು ಚಿತ್ರ ಇದೆ: ಪ್ರಮೋದ್ ಪತಿ 1972ರಲ್ಲಿ ಮಾಡಿದ 'ಆಬಿದ್'. ಚಿತ್ರಕಾರ ಆಬಿದ್ ಸುರ್ತಿ ಒಂದು ಕೋಣೆಯ ಗೋಡೆ, ನೆಲ ಎಲ್ಲವನ್ನೂ ಬಣ್ಣದಲ್ಲಿ ಮುಳುಗಿಸುತ್ತಾ, ತಾನೂ ಅದರೊಳಗೆ ಕುಪ್ಪಳಿಸುತ್ತಾ ಹೋಗುತ್ತಾರೆ. ಅದೇ ಪಿಕ್ಸಿಲೇಷನ್, ಆದರೆ ಹಿಂಸೆ ಇಲ್ಲ. ಎರಡರಲ್ಲಿ ಯಾವುದು ದೊಡ್ಡ ಚಿತ್ರ ಅಂದರೆ 'ನೇಬರ್ಸ್'. ಸಣ್ಣ ಮಕ್ಕಳಿಗೆ ಯಾವುದು ಅಂದರೆ 'ಆಬಿದ್'. ಸರ್ಕಾರಿ ಕಚೇರಿಯೊಂದರೊಳಗೆ ಕೂತು ಪತಿ ಇಷ್ಟು ಧೈರ್ಯದ ಕೆಲಸ ಮಾಡಿದರು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ನಮ್ಮ ದೇಶದ ಉಳಿದ ಚಿತ್ರಗಳು

ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ವಿಭಾಗ 1956ರಲ್ಲಿ ಆರಂಭವಾಯಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿನವರಿಗೆ ತರಬೇತಿ ಕೊಟ್ಟರು. ಅಲ್ಲಿ ಕಲಿತವರಲ್ಲಿ ಒಬ್ಬರು ರಾಮ್ ಮೋಹನ್. ಮುಂದೆ ಯುನಿಸೆಫ್‌ಗಾಗಿ ಮೀನಾ ಅನ್ನುವ ಹುಡುಗಿಯ ಪಾತ್ರವನ್ನು ಪರದೆಗೆ ತಂದವರೂ ಅವರೇ. ಮೀನಾ ಚಿತ್ರಗಳಲ್ಲಿ ಪಾಠ ಜಾಸ್ತಿ. ಹೆಣ್ಣುಮಕ್ಕಳ ಓದು, ಆರೋಗ್ಯದ ಬಗ್ಗೆ ಮಾತಾಡಬೇಕಾದ ದಿನ ಅದನ್ನು ಹಾಕಿ. ಅನಿಮೇಷನ್ ಏನೆಂದು ತೋರಿಸಬೇಕಾದ ದಿನ ಬೇಡ.

1974ರ 'ಏಕ್ ಅನೇಕ್ ಔರ್ ಏಕ್ತಾ' ದೂರದರ್ಶನ ನೋಡಿ ಬೆಳೆದ ಎಲ್ಲರಿಗೂ ಗೊತ್ತು. ವಿಜಯಾ ಮುಳೆ ಮತ್ತು ಭೀಮಸೇನ್ ಅವರ ಕೆಲಸ. ಅಪ್ಪ ಅಮ್ಮಂದಿರ ಕಣ್ಣು ಒದ್ದೆಯಾಗುತ್ತದೆ. ಆದರೆ ಇಡೀ ಚಿತ್ರ ನಿಂತಿರುವುದು ಹಿಂದಿ ಹಾಡಿನ ಮೇಲೆ. ಒಂದು ಎರಡನೇ ಕ್ಲಾಸಿನ ನಮ್ಮ ಮಕ್ಕಳು ಹಕ್ಕಿ, ಬಲೆ, ಇಲಿ ನೋಡಿ ಖುಷಿ ಪಡುತ್ತಾರೆ, ಅಷ್ಟೇ. ಪೋಷಕರೂ ಬರುವ ಶಾಲಾ ವಾರ್ಷಿಕೋತ್ಸವಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ನನ್ನ ಒಲವು ಜಾಸ್ತಿ ಇರುವುದು ನೀನಾ ಸಬ್ನಾನಿ ಅವರ 'ಹಮ್ ಚಿತ್ರ ಬನಾತೇ ಹೈಂ' ಕಡೆಗೆ. ಐಡಿಸಿ ನಿರ್ಮಾಣ. 2016ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ. ಮಧ್ಯಪ್ರದೇಶದ ಭಿಲ್ ಜನ ಯಾಕೆ ಚಿತ್ರ ಬರೆಯುತ್ತಾರೆ ಅನ್ನುವ ಅವರದೇ ಕಥೆ. ಭಿಲ್ ಕಲಾವಿದ ಶೇರ್ ಸಿಂಗ್ ಜೊತೆ ಸೇರಿ, ಅವರ ಚುಕ್ಕಿಚುಕ್ಕಿಯ ಶೈಲಿಯಲ್ಲೇ ಮಾಡಿದ್ದಾರೆ. ಹೊರಗಿನಿಂದ ಯಾರೋ ಬಂದು ಬುಡಕಟ್ಟಿನ ಕಥೆ ಎತ್ತಿಕೊಂಡು ಹೋಗುವುದಕ್ಕೂ, ಆ ಕಲಾವಿದನ ಪಕ್ಕದಲ್ಲಿ ಕೂತು ಮಾಡುವುದಕ್ಕೂ ಬಹಳ ಅಂತರ ಇದೆ. ಪುತ್ತರಿ ಹಾಡು, ಅರೆಭಾಷೆ ಅಜ್ಜಿಕಥೆ, ಕುರುಬರ ಕಾಡಿನ ಕಥೆಗಳನ್ನು ಅನಿಮೇಷನ್ ಮಾಡುವ ಆಸೆ ಇರುವ ಯಾರೇ ಆಗಲಿ ಮೊದಲು ಈ ಚಿತ್ರ ನೋಡಬೇಕು. ಮಡಿಕೇರಿಯಲ್ಲೇ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇವೆ. ಪುಸ್ತಕ, ವಿಚಾರಗೋಷ್ಠಿಗಳ ಜೊತೆ ಇಂಥ ಐದು ನಿಮಿಷದ ಒಂದು ಚಿತ್ರಕ್ಕೂ ಅಲ್ಲಿ ಜಾಗ ಸಿಗಲಿ ಅನ್ನುವುದು ನನ್ನ ಮನಸ್ಸಿನ ಆಸೆ.

ದೊಡ್ಡವರಿಗೆ

ದೊಡ್ಡವರಿಗಾದರೆ ಎರಡು ಚಿತ್ರ ಒಟ್ಟಿಗೆ ಹಾಕಿ. ರಯಾನ್ ಲಾರ್ಕಿನ್ 1968ರಲ್ಲಿ ಮಾಡಿದ 'ವಾಕಿಂಗ್', ಐದು ನಿಮಿಷ, ಮಾತಿಲ್ಲ. ಜನ ನಡೆಯುತ್ತಾರೆ, ಅಷ್ಟೇ. ಬೆನ್ನು ಬಾಗಿದವರು, ಬೀಗುವವರು, ಅವಸರದವರು. ನಡಿಗೆಯೊಂದರಲ್ಲೇ ಮನುಷ್ಯ ಕಾಣುತ್ತಾನೆ. ಆಮೇಲೆ 2004ರ 'ರಯಾನ್', ಕ್ರಿಸ್ ಲ್ಯಾಂಡ್ರೆತ್ ಅವರದು. ಆಸ್ಕರ್ ಗೆದ್ದ ಚಿತ್ರ. ಅದೇ ಲಾರ್ಕಿನ್ ಕುಡಿತ, ಮಾದಕ ವಸ್ತುಗಳಲ್ಲಿ ಕಳೆದುಹೋಗಿ ಮಾಂಟ್ರಿಯಲ್ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕಥೆ. ಎರಡಕ್ಕೂ ಹಿಂದೆ ಇದ್ದದ್ದು ಅದೇ ಸಾರ್ವಜನಿಕ ಸಂಸ್ಥೆ. ಕಲಾವಿದನ ಚಿತ್ರಕ್ಕೆ ದುಡ್ಡು ಕೊಟ್ಟರೆ ಸಾಕಾ, ಅವನ ಬದುಕಿನ ಗತಿ ಏನು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಇಂಗ್ಲಿಷ್ ಮಾತು ಇದೆ, ಮಕ್ಕಳಿಗಲ್ಲ.

ಹಿರಿಯರು, ಮಕ್ಕಳು ಒಟ್ಟಿಗೆ ಇರುವ ಸಂಜೆಗೆ ಫ್ರೆಡರಿಕ್ ಬ್ಯಾಕ್ ಅವರ 1981ರ 'ಕ್ರಾಕ್' ಇಡಿ. ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ರೇಡಿಯೋ ಕೆನಡಾ ಮಾಡಿಸಿದ್ದು, 15 ನಿಮಿಷ. ಒಂದು ಮರ ಕಡಿದು ತೂಗುಕುರ್ಚಿ ಮಾಡುತ್ತಾರೆ. ಆ ಕುರ್ಚಿಯ ಸುತ್ತ ಮದುವೆ, ಮಕ್ಕಳು, ಕುಣಿತ, ಕೊನೆಗೆ ಬದಲಾದ ಊರು. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೈಸಾಲೆಯಲ್ಲಿ ಇದನ್ನು ತೋರಿಸುವ ಅವಕಾಶ ಸಿಕ್ಕರೆ ಬಿಡಬೇಡಿ.

ಅನುಮತಿ, ಕರೆಂಟು

ಶಾಲೆಯವರಿಗೆ ಒಂದು ಅನುಕೂಲ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಶಾಲೆಯ ಚಟುವಟಿಕೆಯಾಗಿ ಚಿತ್ರ ತೋರಿಸಿದರೆ, ನೋಡುವವರು ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಊರಿನ ಹಾಲ್, ಗಾಂಧಿ ಮೈದಾನ, ಹಬ್ಬದ ವೇದಿಕೆಗೆ ಈ ವಿನಾಯಿತಿ ಇಲ್ಲ. ಅಲ್ಲಿ ತೋರಿಸುವುದಾದರೆ ಬರೆದು ಕೇಳಿ. ಫಿಲ್ಮ್ಸ್ ಡಿವಿಷನ್ ಚಿತ್ರಕ್ಕೆ ಎನ್‌ಎಫ್‌ಡಿಸಿ, ಕೆನಡಾ ಫಿಲ್ಮ್ ಬೋರ್ಡಿನದ್ದಕ್ಕೆ ಆ ಬೋರ್ಡ್, ಉಳಿದವಕ್ಕೆ ಅವನ್ನು ಮಾಡಿಸಿದ ಸಂಸ್ಥೆ. ಕೆನಡಾದವರು 2009ರಿಂದ ಸಾಕಷ್ಟು ಚಿತ್ರಗಳನ್ನು ತಮ್ಮ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಮನೆಯಲ್ಲಿ ಕೂತು ಆರಿಸಿಕೊಳ್ಳಲು ಅದು ಬಹಳ ಉಪಕಾರಿ.

ತಿಂಗಳು ನೋಡಿ ದಿನ ಗೊತ್ತು ಮಾಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು, ಪೋಷಕರು ಬರುವುದಿಲ್ಲ. ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲಿನ ಸೆಪ್ಟೆಂಬರ್, ಅಕ್ಟೋಬರ್ ಚೆನ್ನ.

ನೋಡಿದ ಮೇಲೆ ಮಾಡಿ

ಚಿತ್ರ ಮುಗಿದ ತಕ್ಷಣ ಮಕ್ಕಳ ಕೈಗೆ ಏನಾದರೂ ಕೊಡಬೇಕು. ಮಣಿ ಬೇಕಾದಷ್ಟು ಸಿಗದಿದ್ದರೆ ಕಾಫಿ ಬೀಜ ಇದೆ. ಒಣಗಿದ ಚೆರಿ ಕಪ್ಪು, ಪಾರ್ಚ್‌ಮೆಂಟ್ ತಿಳಿ ಹಳದಿ. ಎರಡು ಬಣ್ಣ ಸಿಕ್ಕಿತು, ಮತ್ತೇನು ಬೇಕು? ನೆಲದ ಮೇಲೆ ಒಂದು ಬಿಳಿ ಚಾರ್ಟ್ ಹಾಸಿ. ಎರಡು ಬೆಂಚಿನ ಮೇಲೆ ಅಡ್ಡಲಾಗಿ ಸ್ಕೇಲ್ ಕಟ್ಟಿ, ಅದಕ್ಕೆ ಮೊಬೈಲನ್ನು ಕೆಳಮುಖವಾಗಿ ರಬ್ಬರ್‌ಬ್ಯಾಂಡಿನಿಂದ ಬಿಗಿಯಿರಿ. ಮೊಬೈಲ್ ಅಲುಗಿದರೆ ಎಲ್ಲ ಕೆಟ್ಟಿತು. ಹಾಗಾಗಿ ಫೋಟೋ ಒತ್ತುವವರು ಒಬ್ಬರೇ ಇರಲಿ. ಕಿಟಕಿ ಬೆಳಕಲ್ಲಿ ತೆಗೆಯಬೇಡಿ, ಮೋಡ ಬಂದು ಹೋದ ಹಾಗೆಲ್ಲ ಚಿತ್ರ ಮಿನುಗುತ್ತದೆ. ಕಿಟಕಿ ಮುಚ್ಚಿ ಒಂದು ಬಲ್ಬ್ ಹಾಕಿ.

ಬೀಜಗಳನ್ನು ಆನೆಯ ಆಕಾರಕ್ಕೆ ಜೋಡಿಸಿ. ಒಂದು ಫೋಟೋ. ಸೊಂಡಿಲಿನ ತುದಿಯ ಐದಾರು ಬೀಜ ಒಂದಿಷ್ಟು ಮೇಲೆ. ಇನ್ನೊಂದು ಫೋಟೋ. ಸೆಕೆಂಡಿಗೆ 12 ಫೋಟೋ ಸಾಕು. ಹತ್ತು ಸೆಕೆಂಡಿಗೆ 120. ಆನೆ ತೋಟಕ್ಕೆ ನುಗ್ಗಿ, ಹಲಸಿನ ಹಣ್ಣು ಕಿತ್ತು, ವಾಪಸ್ ಹೋಗುವಷ್ಟು ಕಥೆ ಅದರಲ್ಲಿ ಆಗುತ್ತದೆ. ಸ್ಟಾಪ್ ಮೋಷನ್‌ನ ಉಚಿತ ಆ್ಯಪ್‌ಗಳು ಇವೆ, ಜೋಡಿಸುವುದು ಅದೇ ಮಾಡುತ್ತದೆ. ಎರಡು ಗಂಟೆ ಬಗ್ಗಿ ಕೂತು ಬೀಜ ಸರಿಸಿದ ಮಕ್ಕಳಿಗೆ ಹದಿಮೂರು ನಿಮಿಷದ ಮರಳಿನ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

ಇದನ್ನೇ ಓದಬೇಕು ಅನ್ನುವ ಮಗು ಸಿಕ್ಕರೆ

ಪಿಯುಸಿ ಆದಮೇಲೆ ನೇರವಾಗಿ ಅನಿಮೇಷನ್ ಅಂದರೆ ಅಹಮದಾಬಾದಿನ ಎನ್‌ಐಡಿ, ನಾಲ್ಕು ವರ್ಷ. ಸರ್ಕಾರಿ ಸಂಸ್ಥೆಯಾದರೂ ಶುಲ್ಕ ಕಡಿಮೆಯೇನಲ್ಲ. ಪ್ರವೇಶ ಪರೀಕ್ಷೆ ಇದೆ, ಅದು ನೋಡುವುದು ಅಂಕಕ್ಕಿಂತ ಜಾಸ್ತಿ ಕಣ್ಣು ಮತ್ತು ಕೈಯನ್ನು. ಡಿಗ್ರಿ ಮುಗಿದ ಮೇಲಾದರೆ ಐಡಿಸಿಯ ಸ್ನಾತಕೋತ್ತರ ಕೋರ್ಸಿದೆ, ಅದಕ್ಕೆ ಸೀಡ್ (CEED) ಅನ್ನುವ ಪ್ರವೇಶ ಪರೀಕ್ಷೆ. ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯಲ್ಲೂ ಅನಿಮೇಷನ್ ಸಿನಿಮಾ ಕಲಿಸುತ್ತಾರೆ. ಸ್ವಂತ ಚಿತ್ರ ಮಾಡುವ ಹಂಬಲ ಇದ್ದವರಿಗೆ ನಾನು ಹೇಳುವುದು ಈ ಮೂರರಲ್ಲಿ ಒಂದು. ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್‌ಗೆ ಅಂತ ಒಂದು ನೀತಿ ತಂದ ರಾಜ್ಯ, ದೇಶದಲ್ಲೇ ಮೊದಲು. ಆದರೆ ಅದರ ಒತ್ತು ಉದ್ಯಮ, ಉದ್ಯೋಗದ ಕಡೆಗೆ. ಬೆಂಗಳೂರಿನ ಸ್ಟುಡಿಯೋ ಕೆಲಸ ಬೇಕಾದವರಿಗೆ ಅದು ಸರಿಯಾದ ದಾರಿ.

ಮನೆಯವರು ಅಷ್ಟು ದೂರ ಕಳಿಸಲು ಒಪ್ಪದಿದ್ದರೆ ಮೈಸೂರಿನ ಕಾವಾ ಇದೆ, ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಕುಶಾಲನಗರದಿಂದ ಬಸ್ಸು ಹತ್ತಿದರೆ ಒಂದೇ ದಿನದಲ್ಲಿ ಹೋಗಿ ನೋಡಿ ಬರಬಹುದು. ಅಲ್ಲಿ ಮೊದಲು ಗಟ್ಟಿಯಾಗಿ ಚಿತ್ರ ಬರೆಯಲು ಕಲಿತು, ಆಮೇಲೆ ಐಡಿಸಿಗೋ ಕೋಲ್ಕತ್ತಾಗೋ ಅರ್ಜಿ ಹಾಕಲಿ. ಅರ್ಜಿ ಹಾಕುವ ಹೊತ್ತಿಗೆ ಸ್ಕೆಚ್ ಪುಸ್ತಕಗಳ ಜೊತೆ ಆ ಕಾಫಿ ಬೀಜದ ಆನೆಯೂ ಪೆನ್‌ಡ್ರೈವಿನಲ್ಲಿ ಇರಲಿ.